14 ಜಿಬಿಯ ಒಂದೇ ವಿಡಿಯೊ ಫೈಲನ್ನು ಲ್ಯಾಪ್‌ಟಾಪ್‌ನಿಂದ ಟ್ಯಾಬ್‌ಗೆ ಹಾಕುವುದು ಹೇಗೆ?

ನೀವು ಕೇಳಿದ್ದು ಇಷ್ಟು. ಊರಿನ ಬಯಲಾಟವನ್ನು ಫೋನಿನಲ್ಲಿ 4ಕೆ ವಿಡಿಯೊ ಮಾಡಿದ್ದೀರಿ. ಲ್ಯಾಪ್‌ಟಾಪ್‌ಗೆ ಹಾಕಿಕೊಂಡಿದ್ದೀರಿ, ಒಂದು ಫೈಲೇ 14 ಜಿಬಿ ಇದೆ. ಅದನ್ನು ಅಪ್ಪಯ್ಯನ ಆಂಡ್ರಾಯ್ಡ್ ಟ್ಯಾಬ್‌ಗೆ ಹಾಕಿಕೊಡಬೇಕು. 32 ಜಿಬಿ ಪೆನ್‌ಡ್ರೈವ್ ಪೂರ್ತಿ ಖಾಲಿ ಇದ್ದರೂ ‘ಫೈಲ್ ತುಂಬಾ ದೊಡ್ಡದು’ ಅನ್ನುತ್ತದೆ. ಕೇಬಲ್ ಹಾಕಿದರೆ ಅರ್ಧಕ್ಕೆ ನಿಲ್ಲುತ್ತದೆ. ವಾಟ್ಸ್ಆ್ಯಪ್ ಅಂತೂ ಮುಟ್ಟುವುದೇ ಇಲ್ಲ. ಹಾಗಾಗಿ ಯಾವ ಆ್ಯಪ್ ಒಳ್ಳೆಯದು, ಐಪ್ಯಾಡ್ ಆದರೆ ಹೇಗೆ ಎಂದು ಕೇಳಿದ್ದೀರಿ.

ನಾನು ಮದುವೆ, ಉಪನಯನದ ವಿಡಿಯೊ ಎಡಿಟ್ ಮಾಡುವವನು. ಈ ಪ್ರಶ್ನೆ ನನಗೆ ಗಿರಾಕಿಗಳಿಂದ ಬರುತ್ತಲೇ ಇರುತ್ತದೆ. ಆ್ಯಪ್ ಹುಡುಕುವ ಮೊದಲು ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಮತ್ತು ಕೇಬಲ್ ನೋಡಿ. ಹೆಚ್ಚಿನ ಸಲ ಗಂಟು ಅಲ್ಲೇ ಇರುತ್ತದೆ.

ಪೆನ್‌ಡ್ರೈವ್ ವಿಷಯ ಮೊದಲು. ಅದರಲ್ಲಿ ಜಾಗ ಇಲ್ಲ ಅಂತಲ್ಲ. ನಿಮ್ಮದು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದೆ. ಇದು 1996ರಲ್ಲಿ, ವಿಂಡೋಸ್ 95ರ ಕಾಲದಲ್ಲಿ ಬಂದದ್ದು. ಒಂದು ಫೈಲ್ ಎಷ್ಟು ದೊಡ್ಡದು ಎಂದು ಬರೆದಿಡಲು ಅದರಲ್ಲಿ 32 ಬಿಟ್ ಜಾಗ ಮಾತ್ರ ಇದೆ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಆಗ 4 ಜಿಬಿಯ ಹಾರ್ಡ್‌ಡಿಸ್ಕ್ ಇದ್ದವನೇ ದೊಡ್ಡ ಮನುಷ್ಯ. ಈಗ ಒಂದು ಪದ್ಯದ ಕುಣಿತಕ್ಕೇ ಅಷ್ಟು ಬೇಕು.

ಪರಿಹಾರ ಸುಲಭ. ಪೆನ್‌ಡ್ರೈವ್‌ನಲ್ಲಿ ಏನಾದರೂ ಇದ್ದರೆ ಬೇರೆ ಕಡೆ ಇಟ್ಟುಕೊಳ್ಳಿ, ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿ ಹೋಗುತ್ತದೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಒತ್ತಿ, ‘ಫೈಲ್ ಸಿಸ್ಟಮ್’ ಅನ್ನುವಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಎನ್‌ಟಿಎಫ್‌ಎಸ್ ಬೇಡ. ವಿಂಡೋಸ್‌ಗೆ ಅದು ಇಷ್ಟ, ಆದರೆ ಎಷ್ಟೋ ಆಂಡ್ರಾಯ್ಡ್ ಟ್ಯಾಬ್‌ಗಳು ಅದನ್ನು ಓದುವುದಿಲ್ಲ. ಎಕ್ಸ್‌ಫ್ಯಾಟ್ ಆದರೆ ವಿಂಡೋಸ್, ಮ್ಯಾಕ್, ಐಪ್ಯಾಡ್, ಈಚಿನ ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್‌ಗಳು ಎಲ್ಲದಕ್ಕೂ ಆಗುತ್ತದೆ. ಅಗ್ಗದ ಹಳೆಯ ಟ್ಯಾಬ್ ಆದರೆ ಓದದೆಯೂ ಇರಬಹುದು. ಅದಕ್ಕೆ ಮೊದಲು ಒಂದು ಫೋಟೊ ಹಾಕಿ ಟ್ಯಾಬ್‌ಗೆ ಚುಚ್ಚಿ ನೋಡಿ. ಕಂಡರೆ ಆಮೇಲೆ 14 ಜಿಬಿ ಹಾಕಿ.

ಟ್ಯಾಬ್‌ನ ಒಳಗೆ ಹಾಕುವ ಮೆಮೊರಿ ಕಾರ್ಡ್‌ಗೂ ಇದೇ ಕಥೆ. 32 ಜಿಬಿವರೆಗಿನ ಕಾರ್ಡ್‌ಗಳು ಫ್ಯಾಟ್32ನಲ್ಲೇ ಬರುತ್ತವೆ. 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್.

ಪೆನ್‌ಡ್ರೈವ್ ಅನ್ನು ಟ್ಯಾಬ್‌ಗೆ ಸಿಕ್ಕಿಸಲು ಓಟಿಜಿ ಅಡಾಪ್ಟರ್ (ಟ್ಯಾಬ್‌ನ ಚಾರ್ಜಿಂಗ್ ತೂತಿಗೆ ಯುಎಸ್‌ಬಿ ಸಿಕ್ಕಿಸಲು ಬರುವ ಚಿಕ್ಕ ಜೋಡಣೆ) ಬೇಕು, ಅಥವಾ ಒಂದು ಕಡೆ ಟೈಪ್-ಸಿ ಇರುವ ಪೆನ್‌ಡ್ರೈವ್ ತಗೊಳ್ಳಿ. ಪ್ಯಾಕೆಟ್ ಮೇಲೆ ಯುಎಸ್‌ಬಿ 3.0 ಎಂದು ಬರೆದಿದ್ದರೆ ಸ್ಪೀಡ್ ಇದೆ ಎಂದುಕೊಳ್ಳಬೇಡಿ. ಎಷ್ಟೋ ಅಗ್ಗದ ಪೆನ್‌ಡ್ರೈವ್‌ಗಳಲ್ಲಿ ಓದುವ ಸ್ಪೀಡ್ ಮಾತ್ರ ಚೆನ್ನಾಗಿರುತ್ತದೆ. ಬರೆಯುವಾಗ ಶುರುವಿಗೆ ಜೋರಾಗಿ ಓಡಿ ಆಮೇಲೆ ಸೆಕೆಂಡಿಗೆ 10 ಎಂಬಿಗೆ ಇಳಿಯುತ್ತವೆ.

ಈಗ ಕೇಬಲ್. ಟ್ಯಾಬ್ ಕಂಪ್ಯೂಟರ್‌ನಲ್ಲಿ ಕಾಣಿಸುವುದೇ ಇಲ್ಲ, ಬರೀ ಚಾರ್ಜ್ ಆಗುತ್ತದೆ ಎಂದರೆ ಹೆಚ್ಚಾಗಿ ಎರಡು ಕಾರಣ. ಒಂದೋ ಕೇಬಲ್‌ನಲ್ಲಿ ಡೇಟಾ ತಂತಿಯೇ ಇಲ್ಲ, ಬಸ್‌ಸ್ಟ್ಯಾಂಡ್ ಅಂಗಡಿಯ ಕೇಬಲ್‌ಗಳಲ್ಲಿ ಇದು ಮಾಮೂಲಿ. ಇಲ್ಲವೇ ಟ್ಯಾಬ್‌ನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿಲ್ಲ. ಟ್ಯಾಬ್ ಲಾಕ್ ತೆಗೆದು, ಮೇಲಿನಿಂದ ಎಳೆದರೆ ಯುಎಸ್‌ಬಿ ನೋಟಿಫಿಕೇಶನ್ ಕಾಣುತ್ತದೆ. ಅದನ್ನು ಒತ್ತಿ ಬದಲಾಯಿಸಿ. ನಿಮ್ಮದು ಅರ್ಧದವರೆಗೆ ಹೋಗುತ್ತಿದೆ, ಹಾಗಾಗಿ ಇವೆರಡೂ ಸರಿ ಇವೆ.

ಅರ್ಧಕ್ಕೆ ಏಕೆ ನಿಲ್ಲುತ್ತದೆ? ಆಂಡ್ರಾಯ್ಡ್ ಟ್ಯಾಬ್ ಕಂಪ್ಯೂಟರ್‌ಗೆ ಪೆನ್‌ಡ್ರೈವ್‌ನ ಹಾಗೆ ಕಾಣುವುದಿಲ್ಲ. ಅವೆರಡೂ ಎಂಟಿಪಿ ಎಂಬ ಪದ್ಧತಿಯಲ್ಲಿ ಮಾತಾಡಿಕೊಳ್ಳುತ್ತವೆ. ಕಂಪ್ಯೂಟರ್ ನೇರವಾಗಿ ಟ್ಯಾಬ್‌ನ ಮೆಮೊರಿಗೆ ಕೈ ಹಾಕುವಂತಿಲ್ಲ, ‘ಇದನ್ನು ಇಟ್ಟುಕೋ’ ಎಂದು ಟ್ಯಾಬ್‌ಗೆ ಹೇಳಬೇಕು. ಒಂದು ಸಲಕ್ಕೆ ಒಂದೇ ಕೆಲಸ. ನಡುವೆ ತಂತಿ ಒಂದು ಕ್ಷಣ ಅಲುಗಾಡಿದರೂ ಅಷ್ಟೇ, ಬಿಟ್ಟಲ್ಲಿಂದ ಮುಂದುವರಿಸಲು ಬರುವುದಿಲ್ಲ. 13 ಜಿಬಿ ಹೋಗಿದ್ದರೂ ಮತ್ತೆ ಸೊನ್ನೆಯಿಂದ ಶುರು.

ಅದಕ್ಕೆ ಕಾಪಿ ಶುರು ಮಾಡುವ ಮೊದಲು ಇಷ್ಟು ನೋಡಿಕೊಳ್ಳಿ. ಯುಎಸ್‌ಬಿ ಹಬ್ ಬೇಡ, ಕೇಬಲ್ ನೇರ ಲ್ಯಾಪ್‌ಟಾಪ್‌ಗೆ ಇರಲಿ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿ, ಸ್ಲೀಪ್ ‘ನೆವರ್’ ಎಂದು ಇಡಿ. ಹತ್ತು ನಿಮಿಷ ಮುಟ್ಟದಿದ್ದರೆ ಲ್ಯಾಪ್‌ಟಾಪ್ ನಿದ್ದೆ ಹೋಗಿ ಕಾಪಿ ಕಡಿದುಹೋಗುವುದೇ ಜಾಸ್ತಿ. ಟ್ಯಾಬ್ ಮೇಜಿನ ಮೇಲೆ ಅಲುಗಾಡದೆ ಇರಲಿ, ಅಪ್ಪಯ್ಯ ಆ ಹೊತ್ತಿಗೆ ಅದರಲ್ಲಿ ಯೂಟ್ಯೂಬ್ ನೋಡುವುದು ಬೇಡ. ಟ್ಯಾಬ್‌ನಲ್ಲಿ ಜಾಗ ಎಷ್ಟಿದೆ ಎಂದೂ ನೋಡಿ. 64 ಜಿಬಿ ಟ್ಯಾಬ್ ಎಂದರೆ 64 ಜಿಬಿ ನಿಮಗೆ ಸಿಗುವುದಿಲ್ಲ. ಸಿಸ್ಟಮ್ ಅದರಲ್ಲಿ ಒಂದು ದೊಡ್ಡ ಪಾಲು ತಿಂದಿರುತ್ತದೆ.

ಫೈಲನ್ನು ಟ್ಯಾಬ್‌ನ ‘ಮೂವೀಸ್’ ಫೋಲ್ಡರ್‌ಗೆ ಎಳೆದು ಬಿಡುವಾಗ ವಿಂಡೋಸ್ ಒಮ್ಮೊಮ್ಮೆ ಒಂದು ಪ್ರಶ್ನೆ ಕೇಳುತ್ತದೆ: ಈ ಫೈಲ್ ನಿಮ್ಮ ಡಿವೈಸ್‌ನಲ್ಲಿ ಓಡದೆ ಇರಬಹುದು, ಕನ್ವರ್ಟ್ ಮಾಡಿ ಕಾಪಿ ಮಾಡಲೇ? ಜನ ಅದರ ಪಕ್ಕ ‘ರೆಕಮೆಂಡೆಡ್’ ಎಂದು ಇರುವುದು ನೋಡಿ ಹೂಂ ಅನ್ನುತ್ತಾರೆ. ಹಾಗೆ ಮಾಡಬೇಡಿ. ‘ನೋ, ಜಸ್ಟ್ ಕಾಪಿ’ ಒತ್ತಿ. ಕನ್ವರ್ಟ್‌ಗೆ ಬಿಟ್ಟರೆ ಗಂಟೆಗಟ್ಟಲೆ ತಗೊಂಡು ಚಿತ್ರವನ್ನೂ ಮಸುಕು ಮಾಡಿಕೊಡುತ್ತದೆ. ಇನ್ನೊಂದು, ಹಸಿರು ಪಟ್ಟಿ ಪೂರ್ತಿ ತುಂಬಿದ ಮೇಲೂ ಕಿಟಕಿ ಮುಚ್ಚದೆ ಸುಮ್ನೆ ನಿಂತಿರಬಹುದು. ಆಗ ಟ್ಯಾಬ್ ಒಳಗೆ ಬರೆಯುವ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಕಿಟಕಿ ತಾನಾಗಿ ಮಾಯವಾಗುವವರೆಗೆ ಕೇಬಲ್ ಕೀಳಬೇಡಿ.

ಎಷ್ಟು ಹೊತ್ತು ಬೇಕು? ಯುಎಸ್‌ಬಿ 2.0 ಎಂದರೆ ಕಾಗದದ ಮೇಲೆ 480 ಎಂಬಿಪಿಎಸ್. ಇದು ಮೆಗಾಬಿಟ್, 8ರಿಂದ ಭಾಗಿಸಿದರೆ ಸೆಕೆಂಡಿಗೆ 60 ಮೆಗಾಬೈಟ್. ಕೈಗೆ ಸಿಗುವುದು 30-35. ಆ ಲೆಕ್ಕದಲ್ಲಿ 14 ಜಿಬಿಗೆ ಏಳೆಂಟು ನಿಮಿಷ. ಯುಎಸ್‌ಬಿ 3.0 ಆದರೆ ಒಂದೆರಡು ನಿಮಿಷದಲ್ಲೇ ಮುಗಿಯಬಹುದು. ಆದರೆ ಟೈಪ್-ಸಿ ತೂತು ಇದೆ ಎಂದ ಮಾತ್ರಕ್ಕೆ ಅದು 3.0 ಅಲ್ಲ. ತೂತಿನ ಆಕಾರ ಬೇರೆ, ಒಳಗಿನ ಸ್ಪೀಡ್ ಬೇರೆ. 2022ರಲ್ಲಿ ಬಂದ ಹತ್ತನೇ ತಲೆಮಾರಿನ ಐಪ್ಯಾಡ್‌ನಲ್ಲೂ ಟೈಪ್-ಸಿ ಇದೆ, ಆದರೆ ಸ್ಪೀಡ್ 2.0ದ್ದೇ. ಕಡಿಮೆ ಬೆಲೆಯ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ಹೆಚ್ಚಾಗಿ ಹೀಗೆಯೇ. ಅಂಥ ಟ್ಯಾಬ್‌ಗೆ ಸಾವಿರಾರು ರೂಪಾಯಿಯ ಕೇಬಲ್ ತಂದರೆ ಕಿರಿದಾದ ಓಣಿಯಲ್ಲಿ ಲಾರಿ ಓಡಿಸಿದ ಹಾಗೆ. ಸಾಧಾರಣ ಡೇಟಾ ಕೇಬಲ್ ಸಾಕು.

ಇಷ್ಟು ಮಾಡಿದ ಮೇಲೂ ಎಂಟಿಪಿ ಕೈ ಕೊಟ್ಟರೆ ನಾನು ಎಡಿಬಿ ಬಳಸುತ್ತೇನೆ. ಇದು ಆಂಡ್ರಾಯ್ಡ್ ಡೆವಲಪರ್‌ಗಳಿಗೆ ಗೂಗಲ್ ಕೊಡುವ ಉಪಕರಣ, ಉಚಿತ. ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಬೇಕು. ಕಂಪ್ಯೂಟರ್‌ನಲ್ಲಿ ಎಡಿಬಿ ಪುಶ್ ಆಜ್ಞೆ ಕೊಟ್ಟರೆ ಎಷ್ಟು ಪರ್ಸೆಂಟ್ ಹೋಯಿತು ಎಂದು ತೋರಿಸುತ್ತಾ ಹೋಗುತ್ತದೆ. ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಲು ಬೇಜಾರಿಲ್ಲದವರಿಗೆ ಮಾತ್ರ. ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯುತ್ತವೆ.

ಆ್ಯಪ್ ಬೇಕೇ ಬೇಕು ಅನ್ನುವುದಾದರೆ ಲೋಕಲ್‌ಸೆಂಡ್. ಉಚಿತ, ಓಪನ್ ಸೋರ್ಸ್, ಜಾಹೀರಾತು ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಪ್ಯಾಡ್ ಎಲ್ಲದಕ್ಕೂ ಇದೆ. ಇಂಟರ್ನೆಟ್ ಡೇಟಾ ಖರ್ಚಾಗುವುದಿಲ್ಲ, ಎರಡೂ ಒಂದೇ ವೈಫೈಯಲ್ಲಿದ್ದರೆ ಸಾಕು. ಗೂಗಲ್‌ನ ಕ್ವಿಕ್ ಶೇರ್ ಕೂಡ ವಿಂಡೋಸ್‌ಗೆ ಸಿಗುತ್ತದೆ. ಮೊದಲು ನಿಯರ್‌ಬೈ ಶೇರ್ ಅನ್ನುತ್ತಿದ್ದರಲ್ವಾ, ಅದೇ. ಅಂದ ಹಾಗೆ ಮೂಲ ವಿಡಿಯೊ ಇನ್ನೂ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೇ ಇದ್ದರೆ ಲ್ಯಾಪ್‌ಟಾಪ್‌ನ ಗೊಡವೆಯೇ ಬೇಡ. ಫೋನಿನಿಂದ ನೇರ ಟ್ಯಾಬ್‌ಗೆ ಕ್ವಿಕ್ ಶೇರ್ ಮಾಡಿ.

ಆದರೆ ವೈಫೈಯಲ್ಲಿ ಒಂದು ಮಾತು. ನಿಮ್ಮ ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಸೆಕೆಂಡಿಗೆ ಐದಾರು ಎಂಬಿ ಸಿಕ್ಕರೆ ಪುಣ್ಯ. 14 ಜಿಬಿಗೆ ಮುಕ್ಕಾಲು ಗಂಟೆ. ಎರಡು ಹೆಸರಿನ ವೈಫೈ ಕಾಣುತ್ತಿದ್ದರೆ 5ಜಿ (ಅಂದರೆ 5 ಗಿಗಾಹರ್ಟ್ಸ್, ಮೊಬೈಲ್‌ನ 5ಜಿ ಅಲ್ಲ) ಎಂದು ಇರುವುದಕ್ಕೆ ಲ್ಯಾಪ್‌ಟಾಪ್, ಟ್ಯಾಬ್ ಎರಡನ್ನೂ ಸೇರಿಸಿ, ರೂಟರ್ ಇರುವ ಕೋಣೆಯಲ್ಲೇ ಕೂರಿ. ಲ್ಯಾಪ್‌ಟಾಪೂ ವೈಫೈ, ಟ್ಯಾಬೂ ವೈಫೈ ಆದರೆ ಪ್ರತಿಯೊಂದು ತುಣುಕೂ ಗಾಳಿಯಲ್ಲಿ ಎರಡು ಸಲ ಹೋಗಬೇಕು: ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ಅಲ್ಲಿಂದ ಟ್ಯಾಬ್‌ಗೆ. ಸ್ಪೀಡ್ ಅರ್ಧ ಆಗುತ್ತದೆ. ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಟ್ಯಾಬ್ ಅನ್ನು ಅದಕ್ಕೇ ಸೇರಿಸಿದರೆ ಒಂದೇ ಜಿಗಿತ. ಎರಡೂ ಒಂದನ್ನೊಂದು ಕಾಣುತ್ತಿಲ್ಲ ಅಂದರೆ ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್ ‘ಪಬ್ಲಿಕ್’ ಎಂದು ಇದೆಯಾ ನೋಡಿ, ‘ಪ್ರೈವೇಟ್’ ಮಾಡಿ. ಹಾಸ್ಟೆಲ್, ಲಾಡ್ಜ್ ವೈಫೈಯಲ್ಲಿ ಎಷ್ಟೋ ಕಡೆ ಇದು ಆಗುವುದೇ ಇಲ್ಲ, ಅಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದ ಹಾಗೆ ಬೇಕೆಂದೇ ಮಾಡಿರುತ್ತಾರೆ.

ಡ್ರೈವ್, ವಾಟ್ಸ್ಆ್ಯಪ್ ಇದಕ್ಕೆ ಬೇಡ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೂ 2 ಜಿಬಿ ಮಿತಿ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿ ನಿಮ್ಮ ಜಿಮೇಲ್, ಫೋಟೊಗಳಿಗೂ ಸೇರಿದ್ದು. ಪಕ್ಕದ ಕೋಣೆಗೆ ಫೈಲ್ ಕಳಿಸಲು ಅದನ್ನು ಊರೆಲ್ಲ ಸುತ್ತಿಸುವುದು ಯಾಕೆ? ದುಬೈಯಲ್ಲಿರುವ ತಮ್ಮನಿಗೆ ಕಳಿಸುವುದಾದರೆ ಬೇರೆ ಮಾತು.

ನಿಜ ಹೇಳಬೇಕೆಂದರೆ ಅಪ್ಪಯ್ಯನಿಗೆ ಆ 14 ಜಿಬಿ ಬೇಕಾಗಿಲ್ಲ. ಹತ್ತು ಇಂಚಿನ ಟ್ಯಾಬ್‌ನಲ್ಲಿ 4ಕೆಗೂ 1080ಪಿಗೂ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದು ಕಷ್ಟ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಲೆಕ್ಕ ಬರೆದಿರುತ್ತಾರೆ: ಸೆಕೆಂಡಿಗೆ 30 ಫ್ರೇಮ್‌ನ 4ಕೆಗೆ ನಿಮಿಷಕ್ಕೆ 170 ಎಂಬಿ, 1080ಪಿಗೆ 60 ಎಂಬಿ. ಅಂದರೆ 14 ಜಿಬಿ 5 ಜಿಬಿಯೊಳಗೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಫಾಸ್ಟ್ 1080ಪಿ30’ ಆರಿಸಿ ರಾತ್ರಿ ಹಾಕಿಟ್ಟು ಮಲಗಿ. ವಿಂಡೋಸ್ ಕನ್ವರ್ಟ್ ಬೇಡ ಎಂದವನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿ ಗುಣಮಟ್ಟ ನಿಮ್ಮ ಕೈಯಲ್ಲಿರುತ್ತದೆ. ಮೂಲ ಫೈಲ್ ಮಾತ್ರ ಹಾಗೇ ಇಟ್ಟುಕೊಳ್ಳಿ.

ಗುಣಮಟ್ಟ ಮುಟ್ಟಬಾರದು, ಟ್ಯಾಬ್ ಎಕ್ಸ್‌ಫ್ಯಾಟ್ ಕೂಡ ಓದುವುದಿಲ್ಲ ಎಂದಾದರೆ ಲಾಸ್‌ಲೆಸ್‌ಕಟ್ ಎಂಬ ಸಾಫ್ಟ್‌ವೇರ್ ಇದೆ. ಇದು ವಿಡಿಯೊವನ್ನು ಕನ್ವರ್ಟ್ ಮಾಡದೆ ತುಂಡು ಮಾಡುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ಒಂದೊಂದು ತುಂಡೂ 4 ಜಿಬಿಯೊಳಗೆ ಇದ್ದರೆ ಫ್ಯಾಟ್32 ಪೆನ್‌ಡ್ರೈವ್‌ನಲ್ಲೇ ಹಿಡಿಯುತ್ತದೆ. ಬಯಲಾಟಕ್ಕಂತೂ ಇದು ಹೇಳಿ ಮಾಡಿಸಿದ್ದು. ಒಡ್ಡೋಲಗ ಒಂದು ಫೈಲ್, ಯುದ್ಧ ಒಂದು ಫೈಲ್, ಹಾಸ್ಯ ಇನ್ನೊಂದು. ವಯಸ್ಸಾದವರಿಗೆ ಪಟ್ಟಿಯನ್ನು ಬೆರಳಲ್ಲಿ ಎಳೆದು ಬೇಕಾದ ಜಾಗ ಹುಡುಕುವುದಕ್ಕಿಂತ ಹೆಸರು ನೋಡಿ ಒತ್ತುವುದು ಸುಲಭ. ಫೈಲ್‌ಗೆ ಕನ್ನಡದಲ್ಲೇ ಹೆಸರಿಡಿ, ಟ್ಯಾಬ್‌ನಲ್ಲಿ ಸರಿಯಾಗಿ ಕಾಣುತ್ತದೆ. ತುಂಡು ಮಾಡಿದ ಫೈಲ್‌ಗಳಿದ್ದರೆ ಕಾಪಿ ಕಡಿದುಹೋದಾಗಲೂ ಕೊನೆಯದೊಂದನ್ನೇ ಮತ್ತೆ ಹಾಕಿದರಾಯಿತು.

ಐಪ್ಯಾಡ್ ಬಗ್ಗೆಯೂ ಕೊನೆಯಲ್ಲಿ ಕೇಳಿದ್ದೀರಿ. ಲ್ಯಾಪ್‌ಟಾಪ್ ವಿಂಡೋಸ್ ಆದರೆ ಅದರಲ್ಲಿ ಆಪಲ್‌ನ ‘ಆಪಲ್ ಡಿವೈಸಸ್’ ಅಥವಾ ‘ಐಟ್ಯೂನ್ಸ್’ ಸಾಫ್ಟ್‌ವೇರ್ ಹಾಕಿ, ಐಪ್ಯಾಡ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಆ್ಯಪ್ ಹಾಕಿ. ಕೇಬಲ್ ಸಿಕ್ಕಿಸಿ ಫೈಲ್ ಶೇರಿಂಗ್‌ನಲ್ಲಿ ವಿಎಲ್‌ಸಿ ಮೇಲೆ ಫೈಲ್ ಎಳೆದು ಬಿಟ್ಟರೆ ಮುಗಿಯಿತು. ಮ್ಯಾಕ್ ಆದರೆ ಏರ್‌ಡ್ರಾಪ್, ಆಪಲ್ ಸಾಧನಗಳ ನಡುವೆ ತಂತಿಯಿಲ್ಲದೆ ಫೈಲ್ ಕಳಿಸುವ ಸೌಲಭ್ಯ. ಐಪ್ಯಾಡ್‌ನಿಂದ ವಿಂಡೋಸ್‌ಗೆ ತರುವಾಗ ‘ಡಿವೈಸ್ ಕೆಲಸ ಮಾಡುತ್ತಿಲ್ಲ’ ಎಂಬ ಅರ್ಥದ ಎರರ್ ಬಂದು ದೊಡ್ಡ ವಿಡಿಯೊಗಳು ನಿಂತುಹೋಗುವುದುಂಟು. ಐಪ್ಯಾಡ್ ದಾರಿಯಲ್ಲೇ ಕನ್ವರ್ಟ್ ಮಾಡಲು ಹೋಗಿ ಎಡವುವುದರಿಂದ ಹಾಗಾಗುತ್ತದೆ. ಫೋಟೋಸ್ ಸೆಟ್ಟಿಂಗ್ಸ್‌ನ ಕೆಳಗೆ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಎಂದಿದೆ, ಅದನ್ನು ‘ಕೀಪ್ ಒರಿಜಿನಲ್ಸ್’ ಮಾಡಿ.

ಯಾವ ದಿಕ್ಕಿಗೆ ಹಾಕಿದರೂ ಕಾಪಿ ಮಾಡಿ, ಕಟ್ ಮಾಡಬೇಡಿ. ಹೋದ ಮೇಲೆ ಎರಡೂ ಕಡೆ ಫೈಲ್ ಎಷ್ಟು ಬೈಟ್ ಇದೆ ಎಂದು ಹೋಲಿಸಿ, ಟ್ಯಾಬ್‌ನಲ್ಲಿ ನಡುವೆ ಒಂದು ಕಡೆ, ಕೊನೆಯ ನಿಮಿಷದಲ್ಲಿ ಒಂದು ಕಡೆ ಓಡಿಸಿ ನೋಡಿ. ಗ್ಯಾಲರಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ, ವಿಎಲ್‌ಸಿಯಲ್ಲಿ ಫೋಲ್ಡರ್ ತೆರೆದರೆ ಸಿಗುತ್ತದೆ. ಟ್ಯಾಬ್ ಯಾವ ಮಾಡೆಲ್ ಎಂದು ನೀವು ಬರೆದಿಲ್ಲ. ಕಾಮೆಂಟ್‌ನಲ್ಲಿ ಹಾಕಿ, ಅದರ ಪೋರ್ಟ್ 2.0ದ್ದೋ 3.0ದ್ದೋ ನೋಡಿ ಹೇಳುತ್ತೇನೆ.