ಗಿಡಕ್ಕ ತಲಿ ಎಲ್ಲದ, ತಂಗಿ?

ತಂಗೀ,

ನಿಮ್ಮ ‘ಸಾಗರದಿಂದ ನೆಲಕ್ಕೆ: ಹಸಿರಿನ ವಿಜಯಯಾತ್ರೆ’ ಲೇಖನ ನಮ್ಮ ಪತ್ರಿಕಿಗೆ ಬಂದು ಹದಿನೈದು ದಿನ ಆತು, ಉತ್ತರ ತಡ ಆತು, ಸಿಟ್ಟಿಗೇಳಬ್ಯಾಡ್ರಿ. ಮೊದ್ಲು ಚಲೋದು ಹೇಳಿಬಿಡ್ತೀನಿ: ಕಾಗುಣಿತ ಶುದ್ಧ ಅದ, ಅಂಕಿ-ಸಂಖ್ಯೆ ಸರಿ ಅವ, ಹೇಳಿದ ಟೈಮಿಗೆ ಕಳಿಸೀರಿ. ಆತು. ಈಗ ನನ್ನ ತಲಿ ಕೆಡಿಸಿದ್ದು ಯಾವ್ದು ಅಂತ ಹೇಳ್ತೀನಿ, ಎರಡೇ ಸಾಲು, ಉಳಿದದ್ದಕ್ಕ ನಾ ಕೈ ಹಚ್ಚಂಗಿಲ್ಲ.

ಮೊದಲ್ನೇ ಸಾಲು. ‘ಸುಮಾರು 47 ಕೋಟಿ ವರ್ಷಗಳ ಹಿಂದೆ ಸಸ್ಯಗಳು ಸಾಗರವನ್ನು ತೊರೆದು ನೆಲವನ್ನು ಗೆಲ್ಲಲು ನಿರ್ಧರಿಸಿದವು.’

ನಿರ್ಧರಿಸಿದವು? ಎಲ್ಲಿ ಕುಂತು ನಿರ್ಧಾರ ಮಾಡಿದ್ವು, ಅಗಸಿ ಕಟ್ಟಿ ಮ್ಯಾಲೇನು? 47 ಕೋಟಿ ಸರಿ ಅದ, ಅಷ್ಟು ಹಳೇ ಬಂಡೆಯೊಳಗ ನೆಲದ ಗಿಡದ್ದು ಅನ್ನೋವಂಥ ಬೀಜಾಣು ಸಿಕ್ಕಾವ. ಆದ್ರ ‘ಸಾಗರ’ ತಪ್ಪು. ನೆಲದ ಗಿಡಗಳಿಗೆ ಇವತ್ತು ಬದುಕಿರೋ ಭಾಳ ಹತ್ರದ ಸಂಬಂಧಿ ಯಾರು ಅಂದ್ರ ಸಿಹಿನೀರಿನ ಹಸಿರು ಪಾಚಿ, ಅದ್ರಾಗೂ ನೀವು ಪಿಯುಸಿ ಲ್ಯಾಬ್‌ನ್ಯಾಗ ಸ್ಲೈಡ್ ಮಾಡಿ ನೋಡಿದ ಸ್ಪೈರೋಗೈರಾದ ಗುಂಪು. ಬಾವ್ಯಾಗ ಕೈ ಇಟ್ರ ಜಾರ್ತದಲ್ಲ, ಕೂದಲಿನಂಥ ಹಸಿರು ಎಳಿ, ಅದು. ನಿಮ್ಮ ಮನಿ ಬಾವಿ ಬಿಟ್ಟು ಸಮುದ್ರಕ್ಕ ಯಾಕ ಹೋದ್ರಿ?

ಇನ್ನ ‘ಗೆಲ್ಲಲು’. ಮೇ ತಿಂಗಳಾಗ ನಮ್ಮ ಕಡಿ ಯಾವುದರೆ ಕೆರಿ ದಂಡಿಗೆ ಹೋಗಿ ನೋಡ್ರಿ. ನೀರು ಹಿಂದ ಸರದಿರ್ತದ, ಸರದ ಜಾಗದಾಗ ಪಾಚಿ ಒಣಗಿ ಹಪ್ಪಳದಂಗ ಅಂಚು ಮ್ಯಾಲೆದ್ದಿರ್ತದ, ಬೆರಳಿಲೆ ಮುಟ್ಟಿದ್ರ ಪುಡಿ ಆಗ್ತದ. ಅದು ನೀರು ಬಿಟ್ಟು ಬಂದಿಲ್ಲ ತಂಗಿ, ನೀರೇ ಅದನ್ನ ಬಿಟ್ಟು ಹೋಗ್ಯದ. ಅದ್ರಾಗ ಹೆಚ್ಚಿನವು ಸಾಯ್ತಾವ. ಗಟ್ಟಿ ಸಿಪ್ಪಿಯೊಳಗ ಇದ್ದವು ಒಂದಿಷ್ಟು ಉಳೀತಾವ, ಮೊದಲ ಮಳಿಗೆ ಮತ್ತ ಹಸಿರಾಗ್ತಾವ. ಆ ಸಿಪ್ಪಿ ಅದಕ್ಕ ನೀರಾಗ ಇದ್ದಾಗೇ ಇತ್ತು, ನೆಲಕ್ಕ ಹೋಗ್ಬೇಕು ಅಂತ ಯಾರೂ ಹೊಲಿಸಿ ಇಟ್ಟಿದ್ದಲ್ಲ. ಇದು ಲಕ್ಷಗಟ್ಟಲೆ ವರ್ಷ, ಪ್ರತಿ ಬ್ಯಾಸಿಗಿ ನಡೀತು ಅಂದ್ರ ಒಣಗಿದ್ರೂ ತಡಕೊಳ್ಳೋವು ಹೆಚ್ಚಾದ್ವು. ಇದ್ರಾಗ ಗೆದ್ದವರು ಎಲ್ಲಿದ್ದಾರ, ಉಳಿದವರು ಇದ್ದಾರ ಅಷ್ಟೇ.

ನೀವು ಹಿಂಗ ಬರದ್ರ ಓದೋ ಹುಡುಗ್ರಿಗೆ ವಿಕಾಸ ಅಂದ್ರ ಆಸೆ ಪಟ್ರ ಆಗೋದು ಅಂತ ತಲ್ಯಾಗ ಕುಂದ್ರತದ. ಮುಂದೂ ಅದೇ ಹಾಡು: ‘ಒಣಗುವುದನ್ನು ತಪ್ಪಿಸಿಕೊಳ್ಳಲು ಅವು ಮೇಣದ ಹೊದಿಕೆ ರೂಪಿಸಿಕೊಂಡವು.’ ಮೇಣದ ಕತಿ ಎಷ್ಟು ಮಜಾ ಅದ, ನೀವು ಓಡಿಬಿಟ್ಟೀರಿ. ಮೇಣ ಇದ್ರ ಒಳಗಿನ ನೀರು ಹಾರಂಗಿಲ್ಲ ಖರೇ, ಆದ್ರ ಗಾಳಿನೂ ಒಳಗ ಬರಂಗಿಲ್ಲ, ಗಾಳ್ಯಾಗಿನ ಇಂಗಾಲದ ಡೈಆಕ್ಸೈಡ್ ಇಲ್ದ ಗಿಡದ ಅಡಿಗಿ ನಡ್ಯಂಗಿಲ್ಲ. ಕಿಡಕಿ ಬೇಕು, ತಗದು ಮುಚ್ಚೋವಂಥ ಕಿಡಕಿ. ಎಲಿ ಮ್ಯಾಲಿನ ಪತ್ರರಂಧ್ರ ಅಂದ್ರ ಅದೇ, ಎರಡು ಕೋಶ ತುಟಿಯಂಗ, ನೀರು ತುಂಬಿದ್ರ ತೆರೀತಾವ, ಸೊರಗಿದ್ರ ಮುಚ್ತಾವ. ಕಲಬುರಗಿ ಬಿಸಲಾಗ ನಾವು ಮಧ್ಯಾಹ್ನ ಕಿಡಕಿ ಹಾಕಿ ಸಂಜಿಗೆ ತಗೀತೀವಲ್ಲ, ಆ ಜಂಜಾಟನೇ ಅದು. ನಿಮ್ಮ ಲೇಖನದಾಗ ಇದಕ್ಕ ಅರ್ಧ ಸಾಲು, ‘ರಂಧ್ರಗಳೂ ಇದ್ದವು’ ಅಂತ.

ಇಷ್ಟು ಯಾಕ ಉರಕೊಳ್ಳತೀನಿ ಅಂದ್ರ, ಇದೇ ತಪ್ಪು ನಾನೂ ಮಾಡೀನಿ. ಆಗ ಊರಿಗೆ ಇನ್ನೂ ಗುಲಬರ್ಗಾ ಅಂತಿದ್ರು, ಸಣ್ಣ ವಾರಪತ್ರಿಕ್ಯಾಗ ಕೆಲಸಕ್ಕ ಸೇರಿದ್ದೆ, ತೊಗರಿಗೆ ನೆಟೆ ರೋಗ ಬಂದಿತ್ತು, ಅದರ ಮ್ಯಾಲ ಬರಿ ಅಂದ್ರು. ‘ಈ ದುಷ್ಟ ಶಿಲೀಂಧ್ರವು ಅನ್ನದಾತನ ಬದುಕನ್ನು ಕಸಿಯಲು ಸಂಚು ಹೂಡಿದೆ’ ಅಂತ ಶುರು ಮಾಡಿದ್ದೆ, ಬರದು ಎರಡು ಸಲ ನಾನೇ ಓದಿ ಖುಷಿ ಪಟ್ಟಿದ್ದೆ. ಸಂಪಾದಕರು ಹಿರೇರು, ಬಾಯಾಗ ಯಾವಾಗ್ಲೂ ಅಡಕಿ, ‘ಸಂಚು’ ಅನ್ನೋದರ ಸುತ್ತ ಕೆಂಪು ಗೋಲ ಹಾಕಿ, ‘ಸಂಚು ಮಾಡ್ಲಾಕ ಅದಕ್ಕ ತಲಿ ಎಲ್ಲದಲೇ ತಮ್ಮಾ?’ ಅಂದ್ರು. ಬಸ್ ಚಾರ್ಜ್ ಕೊಟ್ಟು ಜೇವರ್ಗಿ ಕಡಿ ಒಂದು ಹೊಲಕ್ಕ ಓಡಿಸಿದ್ರು.

ಹೊಲದಾಗ ಕಾಕಾ ಒಬ್ರು ಬಾಡಿದ ಗಿಡ ಒಂದು ಕಿತ್ತರು. ನೆಲ ಹಸಿ ಇತ್ತು, ಎರಿಮಣ್ಣು ನನ್ನ ಚಪ್ಪಲಿಗೆ ಮೆತ್ಕೊಂಡು ಒಂದೊಂದು ಕಾಲು ಅರ್ಧ ಕಿಲೋ ಆಗಿತ್ತು, ಅಂದ್ರ ನೀರಿಗೆ ಕೊರತಿ ಇಲ್ಲ. ಬಾಜೂ ಗಿಡ ಹೂವಾಗಿ ನಿಂತದ, ಇದು ಮಾತ್ರ ಕುತ್ತಿಗಿ ಚೆಲ್ಲ್ಯದ. ಕುಡಗೋಲಿಲೆ ಕಾಂಡ ಉದ್ದಕ್ಕ ಸೀಳಿ ತೋರಿಸಿದ್ರು: ತೊಗಟಿ ಕೆಳಗ ಬೇರಿನ ಕಡಿಯಿಂದ ಮ್ಯಾಲಕ್ಕ ಕರ್‍ರಗ ಒಂದು ಗೆರಿ, ಪೆನ್ಸಿಲ್‌ಲೆ ಎಳದಂಗ. ‘ನೀರು ಅದ, ಬೇರು ಅದ, ನಳ ಕಟ್ಟ್ಯದ ನೋಡು’ ಅಂದ್ರು. ಫ್ಯುಸೇರಿಯಂ ಉಡಂ ಅಂತ ಆ ಶಿಲೀಂಧ್ರದ ಹೆಸರು, ಬೇರಿನ್ಯಾಗಿಂದ ಹೊಕ್ಕು ನೀರು ಏರೋ ನಳಿಗಿ ಒಳಗ ಬೆಳದು ಕಟ್ಟಿಬಿಡ್ತದ. ಅದಕ್ಕ ದ್ವೇಷನೂ ಇಲ್ಲ ಸಂಚೂ ಇಲ್ಲ, ತಿನ್ಲಾಕ ಜಾಗ ಸಿಕ್ಕದ ಬೆಳೀತದ. ವಾಪಸ್ ಬಂದು ಆರು ಸಾಲು ಬರದೆ, ನಾಕು ಪ್ರಿಂಟ್ ಆದ್ವು.

ಆ ನಳಿಗಿ ಏನು ಸಾಮಾನ್ಯ ವಸ್ತು ಅಂದ್ಕೊಂಡ್ರಾ? 43 ಕೋಟಿ ವರ್ಷದ ಹಿಂದಿನ ಕುಕ್ಸೋನಿಯಾ ಅನ್ನೋ ಗಿಡ ಎಲಿ ಇಲ್ದ ಬರೇ ಕವಲೊಡದ ಕಡ್ಡಿ, ತುದಿಗೆ ಬೀಜಾಣು ಚೀಲ, ಎತ್ತರ ಕೆಲವೇ ಸೆಂಟಿಮೀಟರ್. ಅಲ್ಲಿಂದ ಆಳೆತ್ತರದ ತೊಗರಿಗೆ ಬರಬೇಕಂದ್ರ ನೀರು ಮ್ಯಾಲ ಏರ್ಬೇಕು, ಏರೋ ಕೊಳವಿ ಸೊಟ್ಟ ಬೀಳಬಾರದು, ಅದಕ್ಕ ಲಿಗ್ನಿನ್ ಅನ್ನೋ ಗಟ್ಟಿ ಪದಾರ್ಥ ಬೇಕು. ನಿಮ್ಮಪ್ಪಂದು ಚಿತ್ತಾಪುರ ಕಡಿ ತೊಗರಿ ಹೊಲ ಅದ ಅಂತ ನೀವೇ ಬರದೀರಿ, ಲೇಖನದಾಗ ಮಾತ್ರ ಅಮೆರಿಕದ ರೆಡ್‌ವುಡ್ ಮರ!

ಎರಡ್ನೇ ಸಾಲು ಓದಿದಾಗ ಖರೇನೇ ಚಹಾ ಕಪ್ಪು ಕೆಳಗಿಟ್ಟೆ. ‘ಅಣಬೆಯಂತಹ ಕೆಳವರ್ಗದ ಸಸ್ಯಗಳೂ ಇದೇ ಕಾಲದಲ್ಲಿ ನೆಲಕ್ಕೆ ಬಂದವು.’

ಅಣಬಿ ಸಸ್ಯ ಅಲ್ಲ, ಶಿಲೀಂಧ್ರ. 1969ರಾಗೇ ವಿಟೇಕರ್ ಅನ್ನೋ ವಿಜ್ಞಾನಿ ಅದಕ್ಕ ಬ್ಯಾರೆ ಸಾಮ್ರಾಜ್ಯ ಮಾಡಿ ಕೊಟ್ಟಾನ, ನೀವು ಓದಿದ ಟೆಕ್ಸ್ಟ್‌ಬುಕ್‌ನ್ಯಾಗೇ ಅದ. ಅದು ಗಿಡದಂಗ ಬಿಸಲಾಗ ಅಡಿಗಿ ಮಾಡ್ಕೊಳ್ಳಂಗಿಲ್ಲ, ಅದರ ಕೋಶದ ಗೋಡಿ ಕೈಟಿನ್‌ದು, ಜಿರಳಿ ಕವಚದಾಗ ಇರೋದೇ, ಸಂಬಂಧ ಹಚ್ಚಿದ್ರ ಗಿಡಕ್ಕಿಂತ ನಮಗೇ ಹತ್ರ. ‘ಕೆಳವರ್ಗ’ ಅನ್ನೋ ಮಾತಂತೂ ಎಲ್ಲೂ ಬ್ಯಾಡ್ರಿ, ಅಣಬಿಗೂ ಬ್ಯಾಡ.

ಅದಕ್ಕಿಂತ ದೊಡ್ಡ ದುಃಖ, ನಿಮ್ಮ ಕತಿಯೊಳಗಿನ ಅರ್ಧ ಜೀವ ನೀವು ಅರಿವಿಲ್ದ ಬಿಟ್ಟೀರಿ. ಮೊದಲ ಗಿಡಗಳಿಗೆ ಬೇರೇ ಇರ್ಲಿಲ್ಲ! ಮಣ್ಣು ಅನ್ನೋದೂ ಈಗಿನಂಗ ಇರ್ಲಿಲ್ಲ, ಬಂಡಿ, ಅದರ ಪುಡಿ, ಮ್ಯಾಲ ತೆಳ್ಳಗ ಪಾಚಿ ಪರಿ. ಬೆಳೀಲಾಕ ಬೇಕಾದ ರಂಜಕ, ಅಂದ್ರ ಫಾಸ್ಫರಸ್, ಎಲ್ಲಿಂದ ತರಬೇಕು? ಸ್ಕಾಟ್ಲೆಂಡಿನ ರೈನಿ ಅನ್ನೋ ಹಳ್ಳಿ ಹತ್ರ 1912ರಾಗ ವಿಲಿಯಂ ಮ್ಯಾಕಿ ಅನ್ನೋ ಡಾಕ್ಟರ್ ಒಬ್ಬಂವಗ ಕಲ್ಲು ಸಿಕ್ವು. ಸುಮಾರು 40.7 ಕೋಟಿ ವರ್ಷದ ಹಿಂದ ಬಿಸಿನೀರ ಬುಗ್ಗಿ ನೀರು ಹರದು, ಅದ್ರಾಗಿನ ಸಿಲಿಕಾ ಗಿಡಗಳನ್ನ ನಿಂತಲ್ಲೇ ಕಲ್ಲು ಮಾಡಿಟ್ಟಿತ್ತು. ಆ ಕಲ್ಲು ತೆಳ್ಳಗ ಸೀಳಿ ಮೈಕ್ರೋಸ್ಕೋಪಿನ್ಯಾಗ ಇಟ್ರ ಅಗ್ಲಾವೊಫೈಟಾನ್ ಅನ್ನೋ ಗಿಡದ ಕೋಶದೊಳಗ ಶಿಲೀಂಧ್ರದ ಎಳಿ ಸಣ್ಣ ಮರದಂಗ ಕವಲೊಡದದ್ದು ಕಾಣ್ತದ. ಇಂಥಾದ್ದೇ ಕವಲು ನಿಮ್ಮ ತೊಗರಿ ಬೇರಿನ್ಯಾಗ ಈಗೂ ಅದ. ಶಿಲೀಂಧ್ರ ದೂರದಿಂದ ರಂಜಕ ಹೀರಿ ತಂದು ಕೊಡ್ತದ, ಗಿಡ ಬದ್ಲಿಗೆ ಸಕ್ಕರಿ ಕೊಡ್ತದ. ಒಂದು ಶಿಲೀಂಧ್ರ ಬೇರಿಗೆ ಉಣಸ್ತದ, ಇನ್ನೊಂದು ನಳ ಕಟ್ತದ, ಎರಡೂ ಅದೇ ಹೊಲದಾಗ. ಇಷ್ಟು ಚಲೋ ಕತಿ ಮನಿ ಹಿತ್ತಲದಾಗ ಇಟ್ಕೊಂಡು ವಿಜಯಯಾತ್ರೆ ಅಂತೀರಲ್ಲ, ಅದು ಎಲೆಕ್ಷನ್ ಪುಟದ ಮಾತು.

ಶುರುವಾತಿಗೆ ‘ಅನಾದಿ ಕಾಲದಿಂದಲೂ’ ಬ್ಯಾಡ, ನಿಮ್ಮ ಮನಿ ಪಡಸಾಲಿಯ ಶಹಾಬಾದ್ ಫರ್ಸಿ ಕಲ್ಲಿನಿಂದ ಶುರು ಮಾಡ್ರಿ. ಅದು ಸಮುದ್ರದ ಸುಣ್ಣದ ಕೆಸರಾಗಿದ್ದಾಗ ನೆಲದ ಮ್ಯಾಲ ಒಂದು ಗಿಡನೂ ಇರ್ಲಿಲ್ಲ. ಫೋಟೋಕ್ಕ ಇಂಟರ್ನೆಟ್ ಜಾಲಾಡಬ್ಯಾಡ್ರಿ, ಅವ್ವನ ಮಸಾಲಿ ಡಬ್ಬ್ಯಾಗಿನ ಕಲ್ಲುಹೂವು ಒಂದು ಬಿಳಿ ಹಾಳಿ ಮ್ಯಾಲ ಇಟ್ಟು ತಗೀರಿ. ಅದು ಹೂವೂ ಅಲ್ಲ ಗಿಡನೂ ಅಲ್ಲ, ಶಿಲೀಂಧ್ರ ಮತ್ತ ಪಾಚಿ ಕೂಡಿ ಕಟ್ಟಿದ ಒಂದೇ ಮನಿ.

ಎಳ್ಳ ಅಮಾಸಿಗೆ ಹೊಲಕ್ಕ ಹೋಗ್ತೀರಲ್ಲ, ಭಜ್ಜಿ ಸಜ್ಜಿರೊಟ್ಟಿ ಉಂಡ ಮ್ಯಾಲ ಅಪ್ಪಗ ಹೇಳಿ ನೆಟೆ ಹತ್ತಿದ ಗಿಡ ಒಂದು ಸೀಳಸ್ರಿ. ಕಂಡದ್ದು ಅಲ್ಲೇ ಬರಕೊಳ್ರಿ. ಎಂಟು ದಿನದಾಗ ಕಳಸ್ರಿ, ಎರಡು ಪುಟ ಖಾಲಿ ಇಟ್ಟಿರ್ತೀನಿ.