ಕೊಲೊನೋಸ್ಕೋಪಿಗೆ ಎಐ ಇರುವ ಆಸ್ಪತ್ರೆಗೇ ಹೋಗಬೇಕಾ?

ತಂದೆಗೆ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಟ್ಯೂಬ್ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ, ಬರೆದುಕೊಟ್ಟಿದ್ದಾರೆ, ಮಡಿಕೇರಿಯಿಂದ ಮೈಸೂರಿಗೆ ಹೋಗೋದೇ ಆದರೆ ಆ ಚಿತ್ರದಲ್ಲಿ ಗಂಟು ಗುರುತಿಸಿಕೊಡುವ ಎಐ (ಕೃತಕ ಬುದ್ಧಿಮತ್ತೆ) ಯಂತ್ರ ಇರೋ ಕಡೆಗೇ ಹೋಗಬೇಕಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಫೋನ್ ಮಾಡ್ತಾ ಕೂತಿದ್ದೆ.

ನನಗಾಗ 52. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಇರಬೇಕು ಅಂತ ಒಂದು ಮಳೆಗಾಲ ದೂಡಿದ್ದೆ. ಕೊನೆಗೆ ಎಐ ಇರುವ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಮಯ ಸಿಕ್ಕಿತು. ಹೊಟ್ಟೆ ತೊಳೆಯುವ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ, ಒಂದು ಲೀಟರ್ ಹಿಂದಿನ ಸಂಜೆ, ಇನ್ನೊಂದು ಬೆಳಗಿನ ಜಾವ ಐದಕ್ಕೆ ಕುಡಿಯಿರಿ ಅಂದಿದ್ದರು. ನನ್ನ ಬಸ್ಸು ಆರಕ್ಕೆ. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕುಶಾಲನಗರ ದಾಟುವಷ್ಟರಲ್ಲೇ ಹೊಟ್ಟೆ ತಿರುಚಿದರೆ ಎಲ್ಲಿ ಇಳಿಯೋದು? ರಾತ್ರಿಯೇ ಎಂಟು ಸಲ ಹೋಗಿದ್ದೀನಲ್ಲ, ಇನ್ನೇನು ಉಳಿದಿರುತ್ತೆ ಅಂತ ಎರಡನೇ ಬಾಟಲಿಯನ್ನು ಬಚ್ಚಲಿಗೆ ಸುರಿದುಬಿಟ್ಟೆ. ನರ್ಸ್ ಕೇಳಿದಾಗ ಪೂರ್ತಿ ಕುಡಿದೆ ಅಂದೆ.

ಆ ಒಂದು ಲೀಟರ್ ಯಾಕೆ ಬೇಕಿತ್ತು ಅಂತ ಆಮೇಲೆ ತಿಳಿಯಿತು. ಸಂಜೆಯ ಔಷಧಿ ಕರುಳು ತೊಳೆದರೂ, ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತ ಬೆರೆತ ಅಂಟು ದ್ರವ ಇಳಿದು ದೊಡ್ಡ ಕರುಳಿನ ಶುರುವಿನಲ್ಲಿ, ಅಂದರೆ ಬಲಭಾಗದಲ್ಲಿ, ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆಯೋದೇ ಬೆಳಗಿನ ಪಾಲು. ವೈದ್ಯರು ವಿಡಿಯೋ ತೋರಿಸಿದರು. ಇಲ್ಲಿ ಗಂಟಿರಬಹುದು ಅಂತ ಎಐ ತೋರಿಸುವ ಹಸಿರು ಚೌಕ ಒಮ್ಮೆ ಮಲದ ಚೂರಿನ ಮೇಲೆ, ಒಮ್ಮೆ ನೀರುಗುಳ್ಳೆಯ ಮೇಲೆ ಮಿಣುಕುತ್ತಿತ್ತು. ಬಲಭಾಗದ ಗೋಡೆ ಕಾಣುತ್ತಲೇ ಇರಲಿಲ್ಲ. ಕ್ಯಾಮೆರಾಗೆ ಕಾಣದ್ದು ಎಐಗೂ ಕಾಣಲ್ಲ.

ಮತ್ತೆ ಬನ್ನಿ ಅಂತ ರಿಪೋರ್ಟಿನಲ್ಲೇ ಬರೆದಿದ್ದರು. ಯಂತ್ರವೇ ನೋಡಿದೆಯಲ್ಲ ಅನ್ನೋ ಧೈರ್ಯ, ಮೇಲೆ ಕಾಫಿ ಕೊಯ್ಲು. 14 ತಿಂಗಳು ಹೋಗಲಿಲ್ಲ. ಎರಡನೇ ಸಲ ಎಐ ಇಲ್ಲದ ಕಡೆ, ಪೂರ್ತಿ ಔಷಧಿ ಕುಡಿದು ಮಾಡಿಸಿದೆ. ಅದೇ ಬಲಭಾಗದಲ್ಲಿ ಎರಡು ಸೆಂಟಿಮೀಟರಿನ ಚಪ್ಪಟೆ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು, ಸಿಕ್ಕಿತು. ತುಂಡು ತುಂಡಾಗಿ ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಆ ವರದಿ ಬರುವ ತನಕ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಆರು ತಿಂಗಳಿಗೆ ಮತ್ತೆ ನೋಡಿಸಬೇಕಾಯಿತು.

ಎಐ ಬೇಡ ಅಂತಲ್ಲ. ಚೀನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೂರರಲ್ಲಿ ಸುಮಾರು 20 ಜನರಲ್ಲಿ ಸಿಗುತ್ತಿದ್ದ ಅಡೆನೋಮಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟು, ಎಐ ನೆರವಿನಿಂದ 29 ಜನರಲ್ಲಿ ಸಿಕ್ಕಿತು. ಹೆಚ್ಚಾಗಿ ಸಿಕ್ಕಿದ್ದು ಸಣ್ಣವು. ಒಳ್ಳೆಯ ಸಲಕರಣೆಯೇ, ಹತ್ತಿರದಲ್ಲಿದ್ದರೆ ಮಾಡಿಸಿ. ಆದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಟ್ಯೂಬನ್ನು ಹೊರಗೆ ಎಳೆದುಕೊಳ್ಳುತ್ತಾ ಕನಿಷ್ಠ ಆರು ನಿಮಿಷ ನೋಡುವ ವೈದ್ಯರೇ ಅಂತ ಕೇಳಿ. ತಂದೆಗೆ ಸಕ್ಕರೆ ಕಾಯಿಲೆಯ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಎರಡು ಮೂರು ದಿನ ಮುಂಚಿನಿಂದ ಕಣಿಲೆ, ಸೊಪ್ಪು, ಬೀಜ ಇರುವ ಹಣ್ಣು ಕೊಡಬೇಡಿ.

ಎಲ್ಲಕ್ಕಿಂತ ಮುಖ್ಯ, ಹಿಂದಿನ ದಿನವೇ ಮೈಸೂರಿಗೆ ಹೋಗಿ ಬಾತ್‌ರೂಮ್ ಇರುವ ರೂಮು ಹಿಡಿಯಿರಿ. ಬೆಳಗಿನ ಜಾವ ನೀವೇ ಎದ್ದು ಪಕ್ಕದಲ್ಲಿ ಕೂತು ಎರಡನೇ ಲೀಟರ್ ಕುಡಿಸಿ. ಕೊನೆಗೆ ಹೋಗೋದು ತಿಳಿ ಹಳದಿ ನೀರಿನ ಹಾಗಿರಬೇಕು. ಇನ್ನೂ ಕಂದು ಬಣ್ಣ ಇದ್ದರೆ, ಒಳಗೆ ಕರೆದುಕೊಂಡು ಹೋಗುವ ಮೊದಲೇ ನರ್ಸ್‌ಗೆ ಹೇಳಿಬಿಡಿ.