ಅಮ್ಮನ ಮಂಡಿನೋವು ಮತ್ತು ಟರ್ಕಿ ಬಸ್ ಟೂರ್: ಕಪಡೋಕಿಯಾ ಬಿಡಬೇಕಾ?

ಟರ್ಕಿ ಬಸ್ ಟೂರ್‌ನ ಪಟ್ಟಿ ಹಾಕಿ, ಅಮ್ಮನಿಗೆ ಮಂಡಿನೋವಿದೆ, ಗುಹೆಗಳಿರುವ ಕಪಡೋಕಿಯಾ ಪ್ರದೇಶದ ದಿನ ಬಿಡಬೇಕಾ ಅಂತ ಕೇಳಿದ್ದೀರಿ. ಅಮ್ಮನ ಮಂಡಿಗೆ ತೊಂದರೆ ಕೊಡುವುದು ಅಲ್ಲಿನ ಎಲ್ಲಾ ಗುಹೆಗಳಲ್ಲ, ಮುಖ್ಯವಾಗಿ ಬಂಡೆ ಕೊರೆದು ಮಾಡಿದ ನೆಲದಡಿಯ ಊರು. ಅದಕ್ಕಾಗಿ ಟೂರ್‌ನ ಆ ದಿನವನ್ನೇ ಬಿಡಬೇಡಿ.

ಮೊದಲು ಟೂರ್‌ನವರಿಗೆ ಫೋನ್ ಮಾಡಿ, ನೆಲದಡಿಯ ಯಾವ ಊರಿಗೆ ಕರೆದೊಯ್ಯುತ್ತಾರೆ, ಡೆರಿಂಕುಯುನಾ, ಕಾಯ್ಮಕ್ಲಿನಾ ಅಂತ ಕೇಳಿ. ನೀವು ಹಾಕಿದ ಪಟ್ಟಿಯಲ್ಲಿ ಬರೀ 'ಅಂಡರ್‌ಗ್ರೌಂಡ್ ಸಿಟಿ' ಅಂತಿದೆ. ಡೆರಿಂಕುಯು ಸುಮಾರು 85 ಮೀಟರ್ ಆಳದ್ದು. ಪ್ರವಾಸಿಗರನ್ನು ಅಷ್ಟೂ ಆಳಕ್ಕೆ ಬಿಡುವುದಿಲ್ಲ, ಆದರೂ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಬೆನ್ನು ಬಗ್ಗಿಸಿಕೊಂಡೇ ಇಳಿದು ಹತ್ತಬೇಕು. ಹಿಂದೆ ಜನ ಬರುತ್ತಲೇ ಇರುತ್ತಾರೆ, ನಡುವೆ ನಿಂತು ಸುಧಾರಿಸಿಕೊಳ್ಳುವುದು ಕಷ್ಟ. ಕಾಯ್ಮಕ್ಲಿ ಅಷ್ಟು ಆಳವಿಲ್ಲ, ಆದರೆ ಸುರಂಗಗಳು ತೀರಾ ತಗ್ಗು. ಅಮ್ಮನಿಗೆ ನೋವು ಎಷ್ಟಿದೆ ಅಂತ ನೀವು ಬರೆದಿಲ್ಲ. ಮನೆಯಲ್ಲಿ ಎರಡು ಮಹಡಿ ಹತ್ತಿಳಿಯಲು ಕಷ್ಟವಾದರೆ ಎರಡೂ ಬೇಡ. ನೀವು ಹೋಗಿ ಬರುವವರೆಗೆ ಅವರು ಮೇಲೆ ಚಹಾ ಕುಡಿಯುತ್ತಾ ಕೂರಲಿ, ಆದರೆ ಗೈಡ್‌ಗೆ ಮೊದಲೇ ಹೇಳಿಡಿ.

ಗೋರೆಮೆ ಬಯಲು ಮ್ಯೂಸಿಯಂ ಮಾತ್ರ ಖಂಡಿತ ತೋರಿಸಿ. ಬಂಡೆ ಕೊರೆದು ಮಾಡಿದ ಹಳೇ ಚರ್ಚುಗಳು, ಗೋಡೆ ತುಂಬಾ ಬಣ್ಣದ ಚಿತ್ರಗಳು. ಎಷ್ಟು ಚೆನ್ನಾಗಿವೆ ಗೊತ್ತಾ! ದಾರಿ ಏರು, ಆದರೆ ನಿಧಾನವಾಗಿ ನಡೆಯಬಹುದು. ಮೆಟ್ಟಿಲು ಜಾಸ್ತಿ ಇರುವ ಚರ್ಚು ಬಿಟ್ಟು ಉಳಿದವನ್ನು ನೋಡಲಿ. ಪಾಶಾಬಾಗ್‌ನ ಕಲ್ಲುಗೋಪುರಗಳ ನಡುವೆ ನಡೆಯುವುದು ಇನ್ನೂ ಸುಲಭ. ಉಚಿಸಾರ್ ಕೋಟೆಯನ್ನು ಕೆಳಗಿನಿಂದಲೇ ನೋಡಿದರೆ ಸಾಕು.

ಗುಹೆ ಹೋಟೆಲಲ್ಲಿ ಉಳಿಸುತ್ತಾರಾ? ಅವು ಸಾಮಾನ್ಯವಾಗಿ ಇಳಿಜಾರಿನಲ್ಲಿರುತ್ತವೆ, ಲಿಫ್ಟ್ ಅಪರೂಪ. ಮೆಟ್ಟಿಲು ಹತ್ತದೆ ಸಿಗುವ ಕೋಣೆ ಬೇಕು ಅಂತ ಈಗಲೇ ಮೇಲ್‌ನಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ.